ತೋಟದ ಮನೆಯಿಂದ ಬಂದ ಬಂದೂಕಿನ ಆಟ: ಗೋಲ್ಡನ್‌ಐ 007

ಫೋನಿನಲ್ಲಿ ಬಂದೂಕಿನ ಆಟ ಆಡುವವರ ಕೈಗಳನ್ನು ಒಮ್ಮೆ ಗಮನಿಸಿ. ಎಡಗೈ ಹೆಬ್ಬೆರಳು ಆಳನ್ನು ನಡೆಸುತ್ತದೆ. ಬಲಗೈ ಹೆಬ್ಬೆರಳು ಅವನ ಕತ್ತು ತಿರುಗಿಸಿ ಸುತ್ತಮುತ್ತ ತೋರಿಸುತ್ತದೆ. ನಡುನಡುವೆ ಗುಂಡು ಹಾರುತ್ತದೆ. ಅರಳಿಕಟ್ಟೆ ಮೇಲೆ ಕೂತ ಹುಡುಗರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಮನೆಯಲ್ಲಿ ಅಮ್ಮಂದಿರು "ಆ ಸಾಯ್ಸೋ ಆಟ ಬಿಟ್ಟು ಎದ್ದು ಬಾರೋ" ಎಂದು ಕೂಗುವುದನ್ನೂ ಯಾರೂ ಹೇಳಿಕೊಡಬೇಕಿಲ್ಲ.

ಈ ಎರಡಕ್ಕೂ ಹಳೆಯ ಕಥೆಯೊಂದಿದೆ. ಹೆಬ್ಬೆರಳಿನ ಅಭ್ಯಾಸಕ್ಕೆ ದಾರಿ ಮಾಡಿಕೊಟ್ಟ ಆಟಗಳಲ್ಲಿ ಒಂದು 1997ರ ಆಗಸ್ಟ್‌ನಲ್ಲಿ ಬಂತು. ಹೆಸರು ಗೋಲ್ಡನ್‌ಐ 007. ಅಮ್ಮಂದಿರು ಹೇಳುವಂಥದ್ದೇ ಮಾತನ್ನು ಈ ಆಟ ಮಾಡಿದವರಿಗೆ ಜಪಾನಿನಿಂದ ಒಬ್ಬ ದೊಡ್ಡ ಮನುಷ್ಯ ಫ್ಯಾಕ್ಸ್ ಮಾಡಿ ಹೇಳಿದ್ದ. ಅವರು ಆ ಮಾತನ್ನು ಹೇಗೆ ತೆಗೆದುಕೊಂಡರು ಎನ್ನುವುದನ್ನೂ ಇಲ್ಲಿ ನೋಡೋಣ.

ಹಳ್ಳಿಯೊಂದರ ತೋಟದ ಮನೆ

ಇಂಗ್ಲೆಂಡಿನ ನಡುಭಾಗದಲ್ಲಿ ಲೆಸ್ಟರ್‌ಶೈರ್ ಎಂಬ ಸೀಮೆ. ಅಲ್ಲಿ ಟ್ವೈಕ್ರಾಸ್ ಎಂಬ ಸಣ್ಣ ಹಳ್ಳಿ. ಆ ಹಳ್ಳಿಯ ಒಂದು ತೋಟದ ಮನೆಯಲ್ಲಿ ರೇರ್ ಎಂಬ ವಿಡಿಯೊ ಗೇಮ್ ಕಂಪನಿ ಇತ್ತು. ಟಿಮ್ ಸ್ಟಾಂಪರ್, ಕ್ರಿಸ್ ಸ್ಟಾಂಪರ್ ಎಂಬ ಅಣ್ಣತಮ್ಮಂದಿರು ಕಟ್ಟಿದ ಕಂಪನಿ ಅದು. ಜಪಾನಿನ ನಿಂಟೆಂಡೊ ಕಂಪನಿಗೆ ಇವರು ಆಟ ಮಾಡಿಕೊಡುತ್ತಿದ್ದರು.

1995ರ ನವೆಂಬರ್‌ನಲ್ಲಿ ಗೋಲ್ಡನ್‌ಐ ಎಂಬ ಜೇಮ್ಸ್ ಬಾಂಡ್ ಸಿನಿಮಾ ತೆರೆಗೆ ಬಂತು. ಪಿಯರ್ಸ್ ಬ್ರಾಸ್ನನ್ ಮೊದಲ ಸಲ ಬಾಂಡ್ ಆಗಿದ್ದ ಚಿತ್ರ. ಅದನ್ನು ಆಟ ಮಾಡುವ ಮಾತು ಸಿನಿಮಾ ಬರುವ ಮುಂಚೆಯೇ ಶುರುವಾಗಿತ್ತು. ಮೊದಲಿನ ಯೋಚನೆ ಸರಳವಾಗಿತ್ತು: ಮಾರಿಯೊ ಥರ ಪಕ್ಕಕ್ಕೆ ಓಡುತ್ತ, ಹಾರುತ್ತ ಹೋಗುವ ಆಟ. ಆದರೆ ಮಾರ್ಟಿನ್ ಹಾಲಿಸ್ ಎಂಬ ಯುವಕ ಬೇರೆ ಮಾತು ಮುಂದಿಟ್ಟ. ನಿಂಟೆಂಡೊದ ಹೊಸ ಯಂತ್ರ ಬರುತ್ತಿದೆ, ಅದಕ್ಕೆ ಮೂರು ಆಯಾಮದ ಶೂಟಿಂಗ್ ಆಟ ಮಾಡೋಣ ಎಂದ. ಕೆಲಸ ಅವನ ತಲೆಗೇ ಬಂತು.

ತಂಡ ಸಣ್ಣದು. ಕೊನೆಗೂ ಸುಮಾರು ಹತ್ತು ಜನ, ಅವರಲ್ಲಿ ಎಂಟು ಮಂದಿ ಅದಕ್ಕೆ ಮುಂಚೆ ಒಂದು ಆಟವನ್ನೂ ಮಾಡಿದವರಲ್ಲ. ಡೇವಿಡ್ ಡೋಕ್ ಎಂಬಾತ ಆಕ್ಸ್‌ಫರ್ಡ್‌ನಲ್ಲಿ ವಿಜ್ಞಾನ ಸಂಶೋಧನೆ ಮಾಡಿಕೊಂಡಿದ್ದು, ರೇರ್‌ಗೆ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ಬಂದವನು. ಆಮೇಲೆ ಈ ತಂಡಕ್ಕೆ ಸೇರಿದ. ಆಟದೊಳಗೆ ಡಾಕ್ಟರ್ ಡೋಕ್ ಎಂಬ ವಿಜ್ಞಾನಿ ಸಿಗುತ್ತಾನಲ್ಲ, ಆ ಹೆಸರು ಇವನದೇ.

ಕೈಗೆ ಯಂತ್ರವೂ ಸಿಕ್ಕಿರಲಿಲ್ಲ. ನಿಂಟೆಂಡೊ 64 ಇನ್ನೂ ತಯಾರಾಗುತ್ತಿದ್ದ ಕಾಲ. ಅದು ಹೇಗಿರಬಹುದು ಎಂದು ಅಂದಾಜು ಹಾಕಿ ದೊಡ್ಡ ಕಂಪ್ಯೂಟರುಗಳ ಮೇಲೆ ಕೆಲಸ ನಡೆಸಿದರು. ಆಡಿ ನೋಡಲು ಕಂಟ್ರೋಲರ್ ಇಲ್ಲದಿದ್ದಾಗ ಎದುರಾಳಿ ಕಂಪನಿ ಸೆಗಾದ ಕಂಟ್ರೋಲರನ್ನೇ ಬಿಚ್ಚಿ, ಬದಲಾಯಿಸಿ ಬಳಸಿದರು. ಇದ್ದುದರಲ್ಲೇ ಹೊಂದಿಸಿಕೊಂಡು ಹೋಗುವ ಕೆಲಸ ನಮ್ಮ ಓದುಗರಿಗೆ ಹೊಸದೇನಲ್ಲ.

ಅದಕ್ಕೂ ಮುಂಚೆ ಏನಿತ್ತು

ಆಡುವವರ ಕಣ್ಣೇ ಕ್ಯಾಮೆರಾ ಆಗಿರುವ ಆಟಕ್ಕೆ ಫಸ್ಟ್ ಪರ್ಸನ್ ಶೂಟರ್ ಎನ್ನುತ್ತಾರೆ. ಪರದೆ ಮೇಲೆ ನಿಮ್ಮ ಮುಖ ಕಾಣುವುದಿಲ್ಲ, ಕೈ ಮತ್ತು ಬಂದೂಕು ಮಾತ್ರ. ಅಮೆರಿಕದ ಇಡ್ ಸಾಫ್ಟ್‌ವೇರ್ ಎಂಬ ಕಂಪನಿ 1992ರಲ್ಲಿ ವುಲ್ಫೆನ್‌ಸ್ಟೈನ್ 3ಡಿ, 1993ರಲ್ಲಿ ಡೂಮ್ ಹೊರತಂದು ಈ ಬಗೆಯನ್ನು ಜನಪ್ರಿಯ ಮಾಡಿತ್ತು. ಅವೆಲ್ಲ ಕಂಪ್ಯೂಟರಿನ ಆಟಗಳು. ಕೀಬೋರ್ಡ್, ಮೌಸ್ ಇದ್ದವರಿಗೆ ಸಲೀಸು.

ಟಿವಿಗೆ ಜೋಡಿಸಿ ಆಡುವ ಪೆಟ್ಟಿಗೆಗೆ ಕನ್ಸೋಲ್ ಎನ್ನುತ್ತಾರೆ. ನಮ್ಮಲ್ಲಿ 90ರ ದಶಕದಲ್ಲಿ ಕ್ಯಾಸೆಟ್ ಹಾಕಿ ಮಾರಿಯೊ, ಕಾಂಟ್ರಾ ಆಡುತ್ತಿದ್ದ ಟಿವಿ ಗೇಮ್ ನೆನಪಿದ್ದರೆ ಅದೇ ಜಾತಿಯದು. ಡೂಮ್ ಕನ್ಸೋಲಿಗೂ ಬಂದಿತ್ತು. 1997ರ ಆರಂಭದಲ್ಲಿ ಡೈನೋಸಾರ್ ಬೇಟೆಯ ಟ್ಯುರೊಕ್ ಎಂಬ ಆಟ ನಿಂಟೆಂಡೊ 64ಕ್ಕೂ ಬಂತು. ಆದರೂ ಇಂಥ ಆಟಕ್ಕೆ ಕಂಪ್ಯೂಟರೇ ಸರಿ, ಟಿವಿ ಪೆಟ್ಟಿಗೆಗೆ ಇದು ಒಗ್ಗದು ಎಂಬ ಭಾವನೆ ಗಟ್ಟಿಯಾಗಿತ್ತು.

ಆ ಭಾವನೆಯನ್ನು ಅಲುಗಾಡಿಸಿದ್ದು ಗೋಲ್ಡನ್‌ಐ.

ಮೊದಲು ಊರು ಕಟ್ಟಿದರು, ಆಮೇಲೆ ಆಟ

ತಂಡದವರು ಲಂಡನ್ನಿನ ಉತ್ತರಕ್ಕಿರುವ ಲೀವ್ಸ್‌ಡನ್‌ಗೆ ಹೋಗಿ ಸಿನಿಮಾದ ಸೆಟ್ ನೋಡಿ ಬಂದರು. ವಿಮಾನದ ಎಂಜಿನ್ ಮಾಡುತ್ತಿದ್ದ ಹಳೇ ಕಾರ್ಖಾನೆಯನ್ನೇ ಈ ಸಿನಿಮಾಕ್ಕಾಗಿ ಸ್ಟುಡಿಯೊ ಮಾಡಿಕೊಂಡಿದ್ದರು. ಇವರು ಅಲ್ಲಿ ಫೋಟೊ ತೆಗೆದರು, ಸೆಟ್ಟಿನ ನಕ್ಷೆಗಳನ್ನು ತಂದರು. ಅವನ್ನು ಮುಂದಿಟ್ಟುಕೊಂಡು ಆಟದ ಕಟ್ಟಡಗಳನ್ನು ಕಟ್ಟಿದರು.

ಇಲ್ಲಿ ಒಂದು ವಿಶೇಷವಿದೆ. ಸಾಮಾನ್ಯವಾಗಿ ಆಟ ಮಾಡುವವರು ಆಡುವವನು ಎಲ್ಲಿಂದ ಬರುತ್ತಾನೆ, ಶತ್ರು ಎಲ್ಲಿ ನಿಲ್ಲುತ್ತಾನೆ ಎಂದು ಮೊದಲು ತೀರ್ಮಾನಿಸಿ, ಅದಕ್ಕೆ ತಕ್ಕಂತೆ ಗೋಡೆ ಎಬ್ಬಿಸುತ್ತಾರೆ. ಇವರು ಉಲ್ಟಾ ಮಾಡಿದರು. ಅಣೆಕಟ್ಟು, ಕಾರ್ಖಾನೆ, ಕಡತಗಳ ಕಟ್ಟಡ ಇವನ್ನೆಲ್ಲ ಮೊದಲು ನಿಜವಾದ ಜಾಗದಂತೆ ಕಟ್ಟಿದರು. ಎಲ್ಲಿಂದ ಒಳಹೋಗಬೇಕು, ಏನು ಮಾಡಬೇಕು ಎನ್ನುವುದನ್ನು ಆಮೇಲೆ ಕೂರಿಸಿದರು.

ಹಾಗಾಗಿ ಆಟದಲ್ಲಿ ಯಾವ ಕೆಲಸಕ್ಕೂ ಬಾರದ ಕೋಣೆಗಳಿವೆ. ಎಲ್ಲಿಗೂ ಹೋಗದ ಮೂಲೆಗಳಿವೆ. ನಿಜವಾದ ಕಟ್ಟಡದಲ್ಲೂ ಹಾಗೆಯೇ ಅಲ್ಲವೇ? ತಾಲ್ಲೂಕು ಕಚೇರಿಯಲ್ಲಿ ಎಷ್ಟು ಬಾಗಿಲು ದಾಟಿದರೆ ನಮ್ಮ ಕೆಲಸದ ಟೇಬಲ್ ಸಿಗುತ್ತದೆ! ಕಾರ್ಖಾನೆಯ ಹಂತದಲ್ಲಿ ಗಾಳಿ ಹೋಗುವ ಕೊಳವೆಯಲ್ಲಿ ತೆವಳಿ ಬಂದು, ಕೆಳಗೆ ಧುಮುಕಿದರೆ ಅದು ಶೌಚಾಲಯ. ಅಲ್ಲೊಬ್ಬ ಕಾವಲುಗಾರ. ದೇಹಬಾಧೆ ತೀರಿಸಿಕೊಳ್ಳುವ ಜಾಗವನ್ನೂ ಬಿಡದೆ ಕಟ್ಟಿದ್ದರಿಂದಲೇ ಆ ಕಾರ್ಖಾನೆಯಲ್ಲಿ ಜನ ಕೆಲಸ ಮಾಡುತ್ತಾರೆ ಎಂದು ನಂಬಿಕೆ ಬರುತ್ತದೆ.

ಕಾವಲುಗಾರರ ಮುಖಗಳೂ ಎಲ್ಲಿಂದಲೋ ತಂದವಲ್ಲ. ತಂಡದವರೇ ತಮ್ಮ ಫೋಟೊ ತೆಗೆದು ಅಂಟಿಸಿದ್ದಾರೆ. ಈ ಆಟದಲ್ಲಿ ನೀವು ಯಾರನ್ನು ಹೊಡೆದರೂ ಹೆಚ್ಚುಕಡಿಮೆ ಆಟ ಮಾಡಿದವರನ್ನೇ ಹೊಡೆದಂತೆ.

ಗುಂಡು ಹಾರಿಸದೇ ಇರುವುದೂ ಆಟ

ಆಟದಲ್ಲಿ ಒಟ್ಟು 20 ಹಂತಗಳು, ಅವುಗಳಲ್ಲಿ ಎರಡು ಗುಟ್ಟಿನವು. ಪ್ರತಿ ಹಂತಕ್ಕೂ ಕೆಲಸದ ಪಟ್ಟಿ ಕೊಡುತ್ತಾರೆ. ಇಂತಿಂಥ ಯಂತ್ರ ಕೆಡಿಸು, ಇಂಥವನನ್ನು ಭೇಟಿಯಾಗು, ಕಡತ ತಾ. ಕಷ್ಟದ ಮಟ್ಟ ಮೂರು. ಮೇಲಿನ ಮಟ್ಟಕ್ಕೆ ಹೋದಂತೆ ಶತ್ರುಗಳು ಗಟ್ಟಿಯಾಗುವುದರ ಜೊತೆಗೆ ಕೆಲಸಗಳ ಪಟ್ಟಿಯೂ ಬೆಳೆಯುತ್ತದೆ. ಒಂದೇ ಕಟ್ಟಡದಲ್ಲಿ ನಿನ್ನೆ ಕಾಲಿಡದ ಕೋಣೆಗೆ ಇಂದು ಹೋಗಬೇಕಾಗುತ್ತದೆ. ಒಂದೇ ಜಾಗದಲ್ಲಿ ಬೇರೆ ಬೇರೆ ಕೆಲಸ ಕೊಡುವ ಈ ಉಪಾಯಕ್ಕೆ ನಿಂಟೆಂಡೊದ್ದೇ ಸೂಪರ್ ಮಾರಿಯೊ 64 ಸ್ಫೂರ್ತಿ ಎಂದು ಹಾಲಿಸ್ ಹೇಳಿದ್ದಾನೆ.

ನೋಡಿ, ಡೂಮ್‌ನಲ್ಲಿ ಎದುರಿಗೆ ಬರುವುದು ರಾಕ್ಷಸರು. ಕಂಡದ್ದನ್ನೆಲ್ಲ ಹೊಡೆಯುತ್ತ ಹೋಗಬಹುದು. ಗೋಲ್ಡನ್‌ಐನಲ್ಲಿ ಹಾಗೆ ಮಾಡಿದರೆ ಕೆಟ್ಟಿರಿ. ಬಂದೂಕಿನ ಸದ್ದು ಕೇಳಿದರೆ ಪಕ್ಕದ ಕೋಣೆಯ ಕಾವಲುಗಾರರು ಓಡಿ ಬರುತ್ತಾರೆ. ಅಲಾರಂ ಒತ್ತಿದರೆ ಬರುತ್ತಲೇ ಇರುತ್ತಾರೆ. ಗೋಡೆಗಳ ಮೇಲೆ ಕ್ಯಾಮೆರಾ ಇವೆ. ಆದ್ದರಿಂದ ಸದ್ದಿಲ್ಲದ ಪಿಸ್ತೂಲು ಹಿಡಿದು, ಬಾಗಿಲ ಸಂದಿಯಿಂದ ನೋಡಿ, ಉಸಿರು ಬಿಗಿಹಿಡಿದು ಹೋಗಬೇಕು.

ಎದುರಿಗೆ ಬಂದವರೆಲ್ಲ ಶತ್ರುಗಳೂ ಅಲ್ಲ. ಕಾರ್ಖಾನೆಯಲ್ಲಿ ಬಿಳಿ ಕೋಟಿನ ವಿಜ್ಞಾನಿಗಳಿದ್ದಾರೆ, ಕೈಯಲ್ಲಿ ಆಯುಧವಿಲ್ಲ. ಅವರ ಸಾವು ಆದಷ್ಟು ಕಡಿಮೆ ಇರಲಿ ಎನ್ನುವುದು ಕೆಲಸದ ಪಟ್ಟಿಯಲ್ಲೇ ಇದೆ. ಬೀದಿಯ ಹಂತದಲ್ಲಿ ಊರ ಜನರ ವಿಷಯಕ್ಕೂ ಇದೇ ನಿಯಮ. ಮೀರಿದರೆ ನೀವು ಸಾಯುವುದಿಲ್ಲ, ಕೆಲಸದಲ್ಲಿ ಫೇಲ್. ಕೆಲವು ಕಾವಲುಗಾರರು ಬಂದೂಕು ಕಂಡೊಡನೆ ಕೈ ಎತ್ತಿ ನಿಲ್ಲುತ್ತಾರೆ. ಆಗ ಏನು ಮಾಡುತ್ತೀರಿ ಎನ್ನುವುದು ನಿಮಗೆ ಬಿಟ್ಟದ್ದು.

ಹೊಡೆತ ಎಲ್ಲಿ ಬಿತ್ತು ಎನ್ನುವುದಕ್ಕೂ ಲೆಕ್ಕವಿದೆ. ಕಾಲಿಗೆ ತಾಗಿದವನು ಕುಂಟುತ್ತಾನೆ, ಕೈಗೆ ತಾಗಿದವನು ಕೈ ಕೊಡವುತ್ತಾನೆ, ಟೋಪಿಗೆ ತಾಗಿದರೆ ಟೋಪಿ ಹಾರುತ್ತದೆ. ಸೆಗಾದ ವರ್ಚುವಾ ಕಾಪ್ ಎಂಬ ಆಟದಿಂದ ಕಲಿತದ್ದು ಇದು. ನಿಮ್ಮ ಪ್ರಾಣಕ್ಕೂ ಅಷ್ಟೇ ಬೆಲೆ. ಈಗಿನ ಆಟಗಳ ಥರ ಪಟ್ಟಿ ಕಟ್ಟಿಕೊಂಡು, ಔಷಧಿ ಕುಡಿದು ಸುಧಾರಿಸಿಕೊಳ್ಳುವುದು ಇಲ್ಲಿಲ್ಲ. ಗುಂಡು ತಡೆಯುವ ಕವಚ ಅಲ್ಲೊಂದು ಇಲ್ಲೊಂದು ಸಿಕ್ಕೀತು. ಹೋದ ಜೀವ ಮಾತ್ರ ಆ ಹಂತ ಮುಗಿಯುವವರೆಗೆ ವಾಪಸು ಬರುವುದಿಲ್ಲ. ನಡುವೆ ಸೇವ್ ಮಾಡಿಕೊಳ್ಳಲೂ ಆಗದು.

ಚೆನ್ನಾಗಿ ಆಡಿದವರಿಗೆ ಬಹುಮಾನವಿತ್ತು. ಗೊತ್ತುಮಾಡಿದ ಸಮಯದೊಳಗೆ ಹಂತ ಮುಗಿಸಿದರೆ ಒಂದೊಂದು ಚೀಟ್ ತೆರೆಯುತ್ತಿತ್ತು. ಎಲ್ಲಕ್ಕಿಂತ ಹೆಸರಾದದ್ದು ಕಾರ್ಖಾನೆಯದು: ಅತಿ ಕಷ್ಟದ ಮಟ್ಟದಲ್ಲಿ 2 ನಿಮಿಷ 5 ಸೆಕೆಂಡಿನೊಳಗೆ ಮುಗಿಸಿದರೆ ಸಾವೇ ಇಲ್ಲದ ವರ. ತೊಡಕೆಂದರೆ ಡಾಕ್ಟರ್ ಡೋಕ್ ಪ್ರತಿ ಸಲ ಬೇರೆ ಕಡೆ ನಿಂತಿರುತ್ತಾನೆ. ಅವನು ದೂರದಲ್ಲಿದ್ದರೆ ಆ ಸಲದ ಆಟ ಹೋದಂತೆಯೇ. ಎಷ್ಟು ಮಕ್ಕಳು ಆ ಪುಣ್ಯಾತ್ಮನನ್ನು ಬೈದುಕೊಂಡರೋ!

12 ಎಂಬಿಯೊಳಗೆ

ಈ ಇಡೀ ಆಟ ಹಿಡಿಸಿದ್ದು 12 ಎಂಬಿಯ ಕ್ಯಾಸೆಟ್‌ನಲ್ಲಿ. ಇವತ್ತು ನಿಮ್ಮ ಫೋನಿನಲ್ಲಿ ತೆಗೆದ ನಾಲ್ಕಾರು ಫೋಟೊ ಸೇರಿದರೆ ಅಷ್ಟಾಗುತ್ತದೆ. ಯಂತ್ರದ ಮೆಮೊರಿ 4 ಎಂಬಿ. ಮಾತಿಗೆ ದನಿ ಇಲ್ಲ, ಪರದೆಯ ಕೆಳಗೆ ಅಕ್ಷರದಲ್ಲಿ ಬರುತ್ತದೆ. ಹಲವು ಕಡೆ ಬಣ್ಣ ಬಿಟ್ಟು ಕಪ್ಪು-ಬಿಳುಪಿನ ಚಿತ್ರಗಳನ್ನೇ ಗೋಡೆಗೆ ಬಳಿದು ಜಾಗ ಉಳಿಸಿದ್ದಾರೆ.

ಕೈಯ ವಿಷಯಕ್ಕೆ ಬಂದರೆ, ನಿಂಟೆಂಡೊ 64ರ ಕಂಟ್ರೋಲರಿಗೆ ನಡುವೆ ಒಂದೇ ಕಡ್ಡಿ. ನಡೆಯುವುದೂ ತಿರುಗುವುದೂ ಅದರಲ್ಲೇ. ಪಕ್ಕಕ್ಕೆ ಸರಿಯಲು, ಮೇಲೆ ಕೆಳಗೆ ನೋಡಲು ನಾಲ್ಕು ಹಳದಿ ಗುಂಡಿಗಳು. ಗುರಿ ಸರಿಯಾಗಿ ಸಿಗದು ಎಂದು ಗೊತ್ತಿದ್ದೇ ಆಟ ತಾನೇ ಸ್ವಲ್ಪ ಗುರಿ ಹಿಡಿದುಕೊಡುತ್ತಿತ್ತು.

ಆದರೆ ಸೆಟ್ಟಿಂಗ್‌ನೊಳಗೆ ಇನ್ನೊಂದು ದಾರಿ ಇಟ್ಟಿದ್ದರು. ಎರಡು ಕಂಟ್ರೋಲರ್ ಜೋಡಿಸಿ, ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು ಆಡಬಹುದಿತ್ತು. ಒಂದು ಕೈ ನಡೆಸುತ್ತದೆ, ಇನ್ನೊಂದು ಕೈ ನೋಡುತ್ತದೆ. ಹಾಗೆ ಆಡಿದವರು ಕಡಿಮೆ. ಆದರೆ 2001ರಲ್ಲಿ ಹೇಲೊ ಎಂಬ ಆಟ ಒಂದೇ ಕಂಟ್ರೋಲರಿನ ಎರಡು ಕಡ್ಡಿಗಳಿಂದ ಇದನ್ನೇ ರೂಢಿಗೆ ತಂದಿತು. ಅದೇ ಈಗ ಫೋನಿನ ಗಾಜಿನ ಮೇಲೆ ನಿಮ್ಮ ಎರಡು ಹೆಬ್ಬೆರಳಾಗಿದೆ.

ಒಂದು ಟಿವಿ, ನಾಲ್ಕು ಜನ

ಆಟ ಹೆಸರಾದದ್ದು ಇನ್ನೊಂದು ಕಾರಣಕ್ಕೆ. ನಿಂಟೆಂಡೊ 64ಕ್ಕೆ ನಾಲ್ಕು ಕಂಟ್ರೋಲರ್ ಸಿಕ್ಕಿಸುವ ತೂತುಗಳಿದ್ದವು. ಸ್ಟೀವ್ ಎಲ್ಲಿಸ್ ಎಂಬಾತ ಕೊನೆಯ ಕೆಲವು ತಿಂಗಳಲ್ಲಿ ಕೂತು ನಾಲ್ಕು ಜನ ಆಡುವ ಭಾಗವನ್ನು ಸೇರಿಸಿದ. ಮೊದಲಿಗೆ ಕಂಪನಿಯ ಮೇಲಿನವರಿಗೂ ಹೇಳಿರಲಿಲ್ಲ. ಹೇಳಿದ್ದರೆ "ಆಟವೇ ತಡವಾಗಿದೆ, ಇದೆಲ್ಲ ಯಾಕೆ" ಎನ್ನುತ್ತಿದ್ದರೋ ಏನೋ.

ಟಿವಿ ಪರದೆ ನಾಲ್ಕು ಪಾಲು. ಒಬ್ಬೊಬ್ಬರಿಗೆ ಒಂದು ಮೂಲೆ. ಪಕ್ಕದವನ ಮೂಲೆ ಇಣುಕಿದರೆ ಅವನು ಎಲ್ಲಿ ಅಡಗಿದ್ದಾನೆ ಎಂದು ಗೊತ್ತಾಗುತ್ತದೆ. ಇದು ಮೋಸವೋ ಜಾಣತನವೋ ಎಂಬ ಜಗಳ ಇಂದಿಗೂ ಮುಗಿದಿಲ್ಲ. ಹಳೇ ಬಾಂಡ್ ಸಿನಿಮಾದ ಆಡ್‌ಜಾಬ್ ಎಂಬ ಪಾತ್ರ ಈ ಆಟದಲ್ಲಿ ಗಿಡ್ಡ. ಗುಂಡುಗಳು ಅವನ ತಲೆ ಮೇಲಿಂದ ಹೋಗುತ್ತವೆ. ಹಾಗಾಗಿ "ಆಡ್‌ಜಾಬ್ ತಗೊಳ್ಳೋ ಹಾಗಿಲ್ಲ" ಎನ್ನುವುದು ಮನೆಮನೆಯ ಕಾನೂನಾಯಿತು. ಗೋಲಿ ಆಟದಲ್ಲಿ ನಾವು ಬೀದಿಗೊಂದು ನಿಯಮ ಮಾಡಿಕೊಂಡಂತೆ.

ಪಕ್ಕದಲ್ಲೇ ಕೂತವನನ್ನು ಸೋಲಿಸುವುದಕ್ಕೂ ಹೆಸರು ಗೊತ್ತಿಲ್ಲದವನನ್ನು ಸೋಲಿಸುವುದಕ್ಕೂ ವ್ಯತ್ಯಾಸವಿದೆ. ಪಕ್ಕದವನು ನಕ್ಕರೂ ಗೊತ್ತಾಗುತ್ತದೆ, ಬೇಜಾರಾದರೂ ಗೊತ್ತಾಗುತ್ತದೆ. ಅತಿಯಾದರೆ ಅವನು ಕಂಟ್ರೋಲರ್ ಕೆಳಗಿಟ್ಟು ಎದ್ದು ಹೋಗುತ್ತಾನೆ. ಆಮೇಲೆ ಆಡಲು ಜನ ಬೇಕಲ್ಲ?

ಜಪಾನಿನಿಂದ ಬಂದ ಫ್ಯಾಕ್ಸ್

ನಿಂಟೆಂಡೊ ಎಂದರೆ ಮಕ್ಕಳ, ಮನೆಮಂದಿಯ ಆಟಗಳ ಕಂಪನಿ. ಬಾಂಡ್ ಎಂದರೆ ಕೊಲ್ಲಲು ಪರವಾನಗಿ ಇರುವ ಗೂಢಚಾರ. ಇವೆರಡನ್ನೂ ಹೊಂದಿಸುವುದು ಹಾಲಿಸ್‌ಗೆ ತಲೆನೋವಾಗಿತ್ತು. 2015ರಲ್ಲಿ ನಾಟಿಂಗ್‌ಹ್ಯಾಮ್‌ನ ಗೇಮ್‌ಸಿಟಿ ಉತ್ಸವದಲ್ಲಿ ಅವನು ಆ ದಿನಗಳ ಬಗ್ಗೆ ಮಾತಾಡಿದ.

ಆರಂಭದಲ್ಲಿ ಆಟದಲ್ಲಿ ರಕ್ತ ಚಿಮ್ಮುತ್ತಿತ್ತಂತೆ. ಮೊದಲ ಸಲ ನೋಡಿದಾಗ ಭಲೇ ಅನ್ನಿಸಿದರೂ, ಕೆಂಪು ಅತಿಯಾಯಿತು ಎಂದು ಅವನೇ ತಗ್ಗಿಸಿದ. ಅಷ್ಟರಲ್ಲಿ, ಆಟ ಮುಗಿಯುತ್ತ ಬಂದಾಗ, ಶಿಗೆರು ಮಿಯಾಮೊಟೊ ಅವರ ಫ್ಯಾಕ್ಸ್ ಬಂತು. ಮಾರಿಯೊನನ್ನು ಸೃಷ್ಟಿಸಿದವರು, ನಿಂಟೆಂಡೊದಲ್ಲಿ ದೊಡ್ಡ ಹೆಸರು. ಹತ್ತಿರದಿಂದ ಕೊಲ್ಲುವುದು ಜಾಸ್ತಿಯಾಗಿದೆ, ನೋಡಲು ಭೀಕರವಾಗಿದೆ ಎಂಬುದು ಅವರ ಒಂದು ಮಾತು. ಇಷ್ಟೊಂದು ಸಾವಿನಿಂದ ಆಟ ದುಃಖದ ಕಥೆಯಂತಾಗಿದೆ ಎಂಬುದು ಇನ್ನೊಂದು. ಅದಕ್ಕೊಂದು ಪರಿಹಾರವನ್ನೂ ಸೂಚಿಸಿದ್ದರು: ಆಟದ ಕೊನೆಯಲ್ಲಿ ಬಾಂಡ್ ಆಸ್ಪತ್ರೆಗೆ ಹೋಗಿ, ತಾನು ಹೊಡೆದ ಶತ್ರುಗಳ ಕೈ ಕುಲುಕಿದರೆ ಹೇಗೆ?

ಕೇಳಿದರೆ ನಗು ಬರುತ್ತದೆ. ಇಂಗ್ಲಿಷ್ ಪತ್ರಿಕೆಗಳು ಇದನ್ನು ತಮಾಷೆಯ ಸುದ್ದಿಯಾಗಿಯೇ ಬರೆದವು. ಆದರೆ ನಮ್ಮ ಬಯಲಾಟ, ಯಕ್ಷಗಾನ ನೋಡಿದವರಿಗೆ ಇದು ಅಷ್ಟು ವಿಚಿತ್ರ ಅನ್ನಿಸಲಿಕ್ಕಿಲ್ಲ. ರಾತ್ರಿಯಿಡೀ ರಂಗದ ಮೇಲೆ ಹೊಡೆದಾಡಿದ ಭೀಮ, ದುರ್ಯೋಧನರು ಬೆಳಿಗ್ಗೆ ಚೌಕಿಯಲ್ಲಿ ಪಕ್ಕಪಕ್ಕ ಕೂತು ಬಣ್ಣ ಒರೆಸಿಕೊಳ್ಳುತ್ತಾರೆ. ನಡೆದದ್ದು ಆಟ ಎಂದು ನೋಡುಗರಿಗೂ ಗೊತ್ತು, ಆಡಿದವರಿಗೂ ಗೊತ್ತು.

ಹಾಲಿಸ್ ಆಸ್ಪತ್ರೆ ಸೇರಿಸಲಿಲ್ಲ. ಆದರೆ ಮಾತನ್ನು ತಳ್ಳಿಹಾಕಲೂ ಇಲ್ಲ. ಆಟ ಮುಗಿದ ಮೇಲೆ ಸಿನಿಮಾದಲ್ಲಿ ಬರುವಂತೆ ಪಾತ್ರಗಳನ್ನು ಒಬ್ಬೊಬ್ಬರಾಗಿ ಪರಿಚಯಿಸುವ ದೃಶ್ಯ ಹಾಕಿದ. ನೀವು ನೋಡಿದ್ದು ವೇಷ, ನಿಜವಾದ ಕೊಲೆಯಲ್ಲ ಎಂದು ಆಡಿದವರಿಗೆ ತಿಳಿಸುವುದೇ ಅದರ ಉದ್ದೇಶ ಎಂದು ಅವನೇ ವಿವರಿಸಿದ್ದಾನೆ. ಬಣ್ಣ ಒರೆಸುವ ಕೆಲಸವನ್ನು ಅವನು ಆಟದೊಳಗೇ ಮಾಡಿದ.

ಈಗ ಆಡಿದರೆ

2023ರ ಜನವರಿ 27ರಂದು ಈ ಆಟ ಮತ್ತೆ ಬಿಡುಗಡೆಯಾಯಿತು, ನಿಂಟೆಂಡೊ ಸ್ವಿಚ್‌ಗೂ ಎಕ್ಸ್‌ಬಾಕ್ಸ್‌ಗೂ. ಇಷ್ಟು ತಡವಾಗಲು ಕಾರಣ ಹಕ್ಕಿನ ತಕರಾರು. 2002ರಲ್ಲಿ ಮೈಕ್ರೋಸಾಫ್ಟ್ 37.5 ಕೋಟಿ ಡಾಲರ್ ಕೊಟ್ಟು ರೇರ್ ಕಂಪನಿಯನ್ನು ಕೊಂಡಿತು. ಆಟ ಹೊರತಂದದ್ದು ನಿಂಟೆಂಡೊ, ಬಾಂಡ್ ಹಕ್ಕು ಸಿನಿಮಾದವರದು. ಜಮೀನು ಒಬ್ಬರದು, ಬಾವಿ ಇನ್ನೊಬ್ಬರದು, ಪಂಪ್‌ಸೆಟ್ ಮತ್ತೊಬ್ಬರದು ಎಂಬಂಥ ಸ್ಥಿತಿ. 2008ರ ಹೊತ್ತಿಗೆ ತಯಾರಾಗಿದ್ದ ಹೊಸ ರೂಪವೊಂದು ಹೀಗೆಯೇ ಮೂಲೆಗೆ ಬಿತ್ತು.

ಗೆಳೆಯರೊಬ್ಬರ ಎಕ್ಸ್‌ಬಾಕ್ಸ್‌ನಲ್ಲಿ ನಾವು ಈಚೆಗೆ ಇದನ್ನು ಆಡಿ ನೋಡಿದೆವು. ಈಗಿನ ಕಣ್ಣಿಗೆ ಮುಖಗಳು ಡಬ್ಬಕ್ಕೆ ಫೋಟೊ ಅಂಟಿಸಿದಂತಿವೆ. ಬೆರಳುಗಳು ಕೂಡಿಕೊಂಡು ಕೈ ಸೌಟಿನ ಹಾಗಿದೆ. ಹಳೇ ಯಂತ್ರದಲ್ಲಿ ಸ್ಫೋಟವಾದಾಗ ಪರದೆ ತಡವರಿಸುತ್ತಿತ್ತು, ಹೊಸದರಲ್ಲಿ ಆ ತೊಂದರೆ ಕಡಿಮೆ. ನತಾಲಿಯಾ ಎಂಬ ಜೊತೆಗಾತಿಯನ್ನು ಕಾಪಾಡಬೇಕಾದ ಹಂತಗಳು ಈಗಲೂ ತಾಳ್ಮೆ ಪರೀಕ್ಷಿಸುತ್ತವೆ, ಗುಂಡು ಹಾರುವ ಕಡೆಗೇ ನಡೆದುಹೋಗುತ್ತಾಳೆ.

ಆದರೆ ಬಾಗಿಲ ಬಳಿ ನಿಂತು, ಒಳಗೆ ಎಷ್ಟು ಜನರಿದ್ದಾರೆ, ಹೊಡೆಯಲೋ ಸುತ್ತಿ ಹೋಗಲೋ ಎಂದು ಯೋಚಿಸುವ ಆ ಗಳಿಗೆ ಇನ್ನೂ ಹಳೆಯದಾಗಿಲ್ಲ. ಬಂದೂಕು ಕೈಯಲ್ಲಿದ್ದೂ ಹಾರಿಸದೆ ದಾಟಿಹೋದಾಗ ಸಿಗುವ ಸಮಾಧಾನವೇ ಬೇರೆ.

ಆಮೇಲೆ

ಗೋಲ್ಡನ್‌ಐ 80 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ನಿಂಟೆಂಡೊ 64ರಲ್ಲಿ ಅದಕ್ಕಿಂತ ಹೆಚ್ಚು ಮಾರಿದ್ದು ಎರಡು ಮಾರಿಯೊ ಆಟಗಳು ಮಾತ್ರ. 2025ರಲ್ಲಿ ಅಮೆರಿಕದ ಸ್ಟ್ರಾಂಗ್ ಮ್ಯೂಸಿಯಂ ಇದನ್ನು ವಿಶ್ವ ವಿಡಿಯೊ ಗೇಮ್ ಹಾಲ್ ಆಫ್ ಫೇಮ್‌ಗೆ ಸೇರಿಸಿತು. ಡೋಕ್, ಎಲ್ಲಿಸ್ ಮತ್ತಿತರರು ರೇರ್ ಬಿಟ್ಟು ಬೇರೆ ಕಂಪನಿ ಕಟ್ಟಿ ಟೈಮ್‌ಸ್ಪ್ಲಿಟರ್ಸ್ ಎಂಬ ಶೂಟಿಂಗ್ ಆಟಗಳನ್ನು ಮಾಡಿದರು.

ಹಾಲಿಸ್ ಕೂಡ ರೇರ್ ಬಿಟ್ಟು ತನ್ನದೇ ಕಂಪನಿ ತೆರೆದ. ಆ ಕಂಪನಿಯ ಬೊನ್ಸಾಯ್ ಬಾರ್ಬರ್ ಎಂಬ ಆಟ 2009ರಲ್ಲಿ ನಿಂಟೆಂಡೊದ ಮೂಲಕವೇ ಬಂತು. ಅದರಲ್ಲಿ ಬಂದೂಕಿಲ್ಲ. ಗಿಡ, ತರಕಾರಿ, ಹಣ್ಣುಗಳು ಗಿರಾಕಿಗಳಾಗಿ ಬಂದು ಕುರ್ಚಿಯಲ್ಲಿ ಕೂರುತ್ತವೆ. ನೀವು ಕತ್ತರಿ ಹಿಡಿದು ಅವುಗಳ ಎಲೆ ಕೂದಲು ಕತ್ತರಿಸಿ ಅಂದ ಮಾಡಿ ಕಳಿಸಬೇಕು. ಲಕ್ಷಾಂತರ ಮಕ್ಕಳ ಕೈಗೆ ಬಂದೂಕು ಕೊಟ್ಟವನೇ ಕತ್ತರಿಯನ್ನೂ ಕೊಟ್ಟ.

ಮನೆಯಲ್ಲಿ ಹುಡುಗರು ಫೋನ್ ಹಿಡಿದು ಬಂದೂಕಿನ ಆಟ ಆಡುತ್ತಿದ್ದರೆ ಬೈಯುವ ಮುಂಚೆ ಪಕ್ಕದಲ್ಲಿ ಹತ್ತು ನಿಮಿಷ ಕೂತು ನೋಡಿ. ಎರಡು ಪ್ರಶ್ನೆ ಕೇಳಿ. ಈ ಆಟದಲ್ಲಿ ಹೊಡೆಯಬಾರದವರು ಯಾರಾದರೂ ಇದ್ದಾರಾ? ಮುಗಿದ ಮೇಲೆ ಎದುರಾಳಿಯ ಜೊತೆ ಏನಾದರೂ ಮಾತಾಡ್ತೀಯಾ? ಉತ್ತರ ಏನೇ ಬರಲಿ, ಅಲ್ಲಿಂದ ಮಾತು ಶುರುವಾಗುತ್ತದೆ. ಟ್ವೈಕ್ರಾಸ್‌ನ ತೋಟದ ಮನೆಯಲ್ಲಿ ಆಟ ಮಾಡಿದವರಿಗೂ ಈ ಪ್ರಶ್ನೆಗಳು ಬಿಟ್ಟಿರಲಿಲ್ಲ.